ಒಂದು ಸ್ಲ್ಯಾಶ್ ಜಾಸ್ತಿಯಾಗಿದೆ, ತಿದ್ದಿ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಪುರವಣಿಯಲ್ಲಿ, ಫೈಲುಗಳನ್ನು ದೂರದ ಸರ್ವರ್ ಜೊತೆ ತಾನಾಗಿಯೇ ಸಿಂಕ್ ಮಾಡಿಕೊಳ್ಳುವುದು, ಅಂದರೆ ಎರಡೂ ಕಡೆ ಒಂದೇ ಆಗಿರುವಂತೆ ಇಡುವುದು, ಹೇಗೆ ಎಂಬ ಬರಹ ಬಂದಿತ್ತು. ಬರೆದವರಿಗೆ ವಿಷಯ ಗೊತ್ತಿದೆ. ಓದಿಸಿಕೊಂಡೂ ಹೋಗುತ್ತದೆ. ನನ್ನ ತಕರಾರು ಇರುವುದು ಪಕ್ಕದ ಬಣ್ಣದ ಚೌಕದ ಬಗ್ಗೆ. ಅಲ್ಲಿ ಆರ್‌ಸಿಂಕ್ ಎಂಬ ಫೈಲ್ ಸಾಗಿಸುವ ತಂತ್ರಾಂಶದ ಎರಡು ಕಮಾಂಡ್ ಕೊಟ್ಟಿದ್ದೀರಿ. ಕೆಲಸ ಶುರು ಮಾಡುವ ಮೊದಲು ಸರ್ವರ್‌ನಿಂದ ಫೈಲ್ ತರುವುದಕ್ಕೆ ಒಂದು, ಮುಗಿಸಿದ ಮೇಲೆ ವಾಪಸ್ ಕಳಿಸುವುದಕ್ಕೆ ಇನ್ನೊಂದು. ಈ ಎರಡನೆಯದರಲ್ಲಿ 'ಬರಹ' ಎಂಬ ಫೋಲ್ಡರ್ ಹೆಸರಿನ ಕೊನೆಗೆ ಒಂದು ಸ್ಲ್ಯಾಶ್ ಬಿದ್ದಿದೆ. ಮೊದಲನೆಯದರಲ್ಲಿ ಇಲ್ಲ.

ಒಂದು ಓರೆಗೆರೆಗೆ ಇಷ್ಟುದ್ದದ ಪತ್ರವಾ ಅನ್ನಬೇಡಿ. ನಾನು ಕರಡು ತಿದ್ದುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಗೆರೆ, ಚುಕ್ಕಿ, ಒತ್ತು ನೋಡುವುದಕ್ಕೇ ನನಗೆ ದುಡ್ಡು ಕೊಡುತ್ತಾರೆ.

ಆರ್‌ಸಿಂಕ್‌ಗೆ ಸ್ಲ್ಯಾಶ್ ಇಲ್ಲದೆ 'ಬರಹ' ಎಂದರೆ, ಆ ಫೋಲ್ಡರನ್ನೇ ಎತ್ತಿಕೊಂಡು ಹೋಗು ಎಂದರ್ಥ. ಕೊನೆಗೆ ಸ್ಲ್ಯಾಶ್ ಹಾಕಿದರೆ, ಒಳಗಿರುವುದನ್ನು ಮಾತ್ರ ಸುರಿ, ಡಬ್ಬ ಬೇಡ ಎಂದರ್ಥ. ನೀವು ಅಚ್ಚು ಹಾಕಿದ ಕಮಾಂಡ್‌ನಲ್ಲಿ ಸುರಿಯುವ ಜಾಗ ಸರ್ವರ್‌ನ ಹೋಮ್ ಫೋಲ್ಡರ್, ಅಂದರೆ ಅಲ್ಲಿ ನಿಮ್ಮ ಖಾತೆಯದೆಲ್ಲ ಇರುವ ಜಾಗ. ಜೊತೆಗೆ ಡಿಲೀಟ್ ಎಂಬ ಆಯ್ಕೆಯೂ ಇದೆ. ಕಳಿಸುವ ಕಡೆ ಇಲ್ಲದ್ದನ್ನು ತಲುಪುವ ಕಡೆಯೂ ಇರಗೊಡಬೇಡ ಅನ್ನುವುದು ಅದರ ಕೆಲಸ. ಸ್ಲ್ಯಾಶ್ ಇಲ್ಲದಿದ್ದರೆ ಈ ಅಳಿಸಾಟ 'ಬರಹ' ಫೋಲ್ಡರ್ ಒಳಗೆ ಮಾತ್ರ ನಡೆಯುತ್ತಿತ್ತು. ಸ್ಲ್ಯಾಶ್ ಬಿದ್ದದ್ದರಿಂದ ಇಡೀ ಹೋಮ್ ಫೋಲ್ಡರ್ ಅದರ ಬಾಯಿಗೆ ಬಂತು. ಅಲ್ಲಿದ್ದ ಬೇರೆ ಎಲ್ಲವೂ ಹೋಗುತ್ತವೆ. ಕಣ್ಣಿಗೆ ಕಾಣದ ಎಸ್‌ಎಸ್‌ಎಚ್ ಫೋಲ್ಡರ್ ಕೂಡ. (ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್ ಒಳಗೆ ಭದ್ರವಾಗಿ ಹೋಗುವ ದಾರಿ.) ನಿಮ್ಮನ್ನು ಒಳಗೆ ಬಿಡುವ ಕೀಗಳ ಪಟ್ಟಿ ಇರುವುದೇ ಅದರಲ್ಲಿ. ಅಂದರೆ ಮನೆ ಖಾಲಿ ಮಾಡಿ, ಬೀಗದ ಕೈಯನ್ನೂ ಒಳಗೇ ಎಸೆದು ಬಾಗಿಲು ಎಳೆದುಕೊಂಡ ಹಾಗೆ.

ಸುಮ್ನೆ ಹೆದರಿಸುತ್ತಿಲ್ಲ. ಡ್ರೈ ರನ್ ಅಂತ ಒಂದು ಆಯ್ಕೆ ಇದೆ. ಏನು ಮಾಡುತ್ತೇನೆ ಅಂತ ಹೇಳುತ್ತದೆ, ಮಾಡುವುದಿಲ್ಲ. ಅದನ್ನು ಸೇರಿಸಿ, ಏನೂ ಬೆಲೆಬಾಳದ ಒಂದು ಪ್ರಯೋಗದ ಖಾತೆಯ ಮೇಲೆ ನಿಮ್ಮ ಕಮಾಂಡ್ ಓಡಿಸಿದೆ. 'ಡಿಲೀಟಿಂಗ್', 'ಡಿಲೀಟಿಂಗ್' ಅಂತ ಸಾಲುಗಳು ಒಂದರ ಹಿಂದೆ ಒಂದು ಬಂದವು. ಓದುತ್ತಾ ಓದುತ್ತಾ ಕೈ ತಣ್ಣಗಾಯಿತು.

ಒಂದು ತಮಾಷೆ ಏನೆಂದರೆ, ಅದೇ ಸಾಲಿನಲ್ಲಿ ಇನ್ನೊಂದು ಅಚ್ಚಿನ ತಪ್ಪೂ ಇದೆ. ಡಿಲೀಟ್ ಪದದ ಮೊದಲು ಎರಡು ಚಿಕ್ಕ ಅಡ್ಡಗೆರೆ ಇರಬೇಕು. ನಿಮ್ಮ ಪುಟ ಕಟ್ಟುವ ತಂತ್ರಾಂಶ ಅವೆರಡನ್ನೂ ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಟ್ಟಿದೆ. ಅಚ್ಚಾದಂತೆಯೇ ನಕಲು ಮಾಡಿದವರಿಗೆ ಅದು ಆಯ್ಕೆಯಾಗಿ ಕೆಲಸ ಮಾಡುವುದಿಲ್ಲ. ಅದನ್ನು ಯಾವುದೋ ಫೈಲ್ ಹೆಸರು ಅಂದುಕೊಂಡು, ಅಂಥದ್ದು ಇಲ್ಲ ಎಂದು ಆರ್‌ಸಿಂಕ್ ಗೊಣಗುತ್ತದೆ, ಉಳಿದದ್ದನ್ನು ಕಳಿಸುತ್ತದೆ, ಏನನ್ನೂ ಅಳಿಸುವುದಿಲ್ಲ. ಒಂದು ತಪ್ಪು ಇನ್ನೊಂದರಿಂದ ಕಾಪಾಡಿತು. ಆದರೆ ಸ್ವಲ್ಪ ತಿಳಿದವರು ಏನು ಮಾಡುತ್ತಾರೆ? ಗೆರೆ ತಪ್ಪಿದೆ ಅಂತ ಗುರುತಿಸಿ ಸರಿಮಾಡಿಕೊಳ್ಳುತ್ತಾರೆ. ಸ್ಲ್ಯಾಶ್ ಕಡೆ ನೋಡುವುದಿಲ್ಲ. ಏಟು ಬೀಳುವುದು ಅವರಿಗೆ.

ಸ್ಲ್ಯಾಶ್ ಮಾತು ಇಷ್ಟು. ಆದರೆ ಕೂತು ಬರೆಯಲು ಕಾರಣ ಅದೊಂದೇ ಅಲ್ಲ. ಬರಹದ ಕೊನೆಯಲ್ಲಿ, ಈ ಎರಡು ಕಮಾಂಡ್‌ಗಳನ್ನು ಐದು ನಿಮಿಷಕ್ಕೊಮ್ಮೆ ಓಡುವ ಹಾಗೆ ಗಡಿಯಾರಕ್ಕೆ ಕಟ್ಟಿ ಮರೆತುಬಿಡಿ ಎಂದಿದ್ದಾರೆ. ಆ 'ಮರೆತುಬಿಡಿ' ನನಗೆ ಸರಿಬರಲಿಲ್ಲ. ಮರೆತದ್ದಕ್ಕೆ ನಾನು ತೆತ್ತದ್ದನ್ನು ಹೇಳುತ್ತೇನೆ.

ನನ್ನ ಹತ್ತಿರ ಎರಡು ಕಂಪ್ಯೂಟರ್ ಇವೆ. ಮೇಜಿನ ಮೇಲೆ ಒಂದು, ಲ್ಯಾಪ್‌ಟಾಪ್ ಒಂದು. ಕೆಲಸ ಕೊಡುವವರ ಫೈಲುಗಳು ಬಾಡಿಗೆ ಸರ್ವರ್ ಒಂದರಲ್ಲಿ ಇರುತ್ತವೆ. ಮೊದಮೊದಲು ನಾನೇ ಫೈಲ್ ಇಳಿಸಿಕೊಂಡು, ತಿದ್ದಿ, ಮತ್ತೆ ಏರಿಸುತ್ತಿದ್ದೆ. ಏರಿಸುವುದು ಮರೆಯುತ್ತಿತ್ತು. ಅಕ್ಕನ ಮಗ ಇಂಥದ್ದೇ ಕೆಲಸದಲ್ಲಿದ್ದಾನೆ. ಅವನು ಕಮಾಂಡ್‌ಗಳನ್ನು ಒಂದಾದ ಮೇಲೊಂದು ಓಡಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟ. ನಾನು ಅದನ್ನು ಒತ್ತಿದರೆ ಮೊದಲು ಸರ್ವರ್‌ನಿಂದ ಹೊಸದು ಬರುತ್ತದೆ, ಆಮೇಲೆ ಎಡಿಟರ್ ತೆರೆಯುತ್ತದೆ, ನಾನು ಎಡಿಟರ್ ಮುಚ್ಚಿದ ಕೂಡಲೇ ತಿದ್ದಿದ್ದು ಸರ್ವರ್‌ಗೆ ಹೋಗುತ್ತದೆ. (ಎಡಿಟರ್ ಎಂದರೆ ಇಲ್ಲಿ ನೀವಲ್ಲ ಸಾರ್, ಬರೆಯುವ ತಂತ್ರಾಂಶ.)

ಎರಡು ವರ್ಷ ಅಚ್ಚುಕಟ್ಟಾಗಿ ನಡೆಯಿತು.

ಆಮೇಲೆ ಒಂದು ಪದಕೋಶದ ಕರಡು ಬಂತು. ಒಂದೇ ದೊಡ್ಡ ಫೈಲ್. ಒಂದು ಗುರುವಾರ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಟ ವರ್ಗ ಮುಗಿಸಿದೆ. ನಿದ್ದೆ ಬರುತ್ತಿತ್ತು. ಸೇವ್ ಮಾಡಿ ಮುಚ್ಚಳ ಹಾಕಿ ಮಲಗಿದೆ. ಶುಕ್ರವಾರ, ಶನಿವಾರ, ಭಾನುವಾರ ಮೇಜಿನ ಕಂಪ್ಯೂಟರ್‌ನಲ್ಲಿ ತ ವರ್ಗ ಹಿಡಿದು ಕೂತೆ. ತ ದಾಟಿ, ಥ ದಾಟಿ, ನ ಮುಗಿಯುವವರೆಗೆ. ಒಟ್ಟು 61 ಪುಟ. ಸೋಮವಾರ ಲ್ಯಾಪ್‌ಟಾಪ್ ತೆರೆದೆ. ಪದಕೋಶ ತೆರೆದೇ ಇತ್ತು. ಕಣ್ಣೆದುರು 'ಕಾಳಜಿ' ಎಂಬಲ್ಲಿ 'ಕಾಲಜಿ' ಎಂದಿತ್ತು. ಅದೊಂದು ಅಕ್ಷರ ತಿದ್ದಿದೆ, ಸೇವ್ ಮಾಡಿದೆ, ಎಡಿಟರ್ ಮುಚ್ಚಿದೆ. ಮಂಗಳವಾರ ಮೇಜಿನ ಕಂಪ್ಯೂಟರ್ ಮುಂದೆ ಕೂತು ಫೈಲ್ ತೆರೆದರೆ ತ ವರ್ಗದ ಒಂದು ತಿದ್ದುಪಡಿಯೂ ಇಲ್ಲ. 'ಕಾಳಜಿ' ಮಾತ್ರ ಸರಿಯಾಗಿದೆ.

ಹುಡುಗನಿಗೆ ಫೋನ್ ಮಾಡಿದೆ.

"ಚಿಕ್ಕಮ್ಮ, ಗುರುವಾರ ರಾತ್ರಿ ನೀನು ಮುಚ್ಚಿದ್ದು ಎಡಿಟರೋ, ಲ್ಯಾಪ್‌ಟಾಪೋ?"

"ಲ್ಯಾಪ್‌ಟಾಪು. ಮುಚ್ಚಳ ಹಾಕಿದೆ. ಸೇವ್ ಮಾಡಿದ್ದೆ ಕಣೋ."

"ಎಡಿಟರ್ ಮುಚ್ಚಿದ ಮೇಲಲ್ವಾ ಸ್ಕ್ರಿಪ್ಟ್ ಕಳಿಸೋದು? ಅದು ನಾಲ್ಕು ದಿನ ನಿನಗೋಸ್ಕರ ಕಾದಿದೆ. ಸೋಮವಾರ ಮುಚ್ಚಿದೆ. ಸೋಮವಾರ ಕಳಿಸಿದೆ."

"ಹಳೇದನ್ನ ಹೊಸದರ ಮೇಲೆ ಹೇಗೆ ಕಳಿಸ್ತು? ಹಳೇದು ಹೋಗದ ಹಾಗೆ ಏನೋ ಹಾಕಿದ್ದೀನಿ ಅಂದಿದ್ದೆ ನೀನು."

"ಹಾಕಿದ್ದೀನಿ. ಆದರೆ ನೀನು ಸೋಮವಾರ ಒಂದು ಅಕ್ಷರ ತಿದ್ದಿ ಸೇವ್ ಮಾಡಿದೆ ಅಂದ್ಯಲ್ಲ. ಅದೇ ಎಲ್ಲಕ್ಕಿಂತ ಹೊಸದು ಈಗ."

ಎಲ್ಲಿ ಜಾರಿತು ನೋಡಿ. ಗುರುವಾರದ ಕೆಲಸ ಸರ್ವರ್‌ಗೆ ಹೋಗಿರಲಿಲ್ಲ. ಶುಕ್ರವಾರ ಮೇಜಿನ ಕಂಪ್ಯೂಟರ್ ಬುಧವಾರದ ಫೈಲ್ ತಂದುಕೊಂಡಿತು. ನಾನು ತ ವರ್ಗಕ್ಕೆ ಹಾರಿದ್ದರಿಂದ ಟ ವರ್ಗದ ಕಡೆ ನೋಡಲೇ ಇಲ್ಲ. ಎರಡು ಕಡೆ ಎರಡು ಬೇರೆ ಫೈಲ್ ಬೆಳೆದವು. ಸೋಮವಾರ ಲ್ಯಾಪ್‌ಟಾಪ್‌ನದು ಸರ್ವರ್ ಮೇಲೆ ಕೂತಿತು. ಆಗಲೂ ಮೇಜಿನ ಕಂಪ್ಯೂಟರ್‌ನಲ್ಲಿ ನನ್ನ ಮೂರು ದಿನದ ಕೆಲಸ ಭದ್ರವಾಗಿಯೇ ಇತ್ತು. ಮಂಗಳವಾರ ನಾನು ತೆರೆಯುವ ಮೊದಲು ಸ್ಕ್ರಿಪ್ಟ್ ಪಾಪ ತನ್ನ ಕರ್ತವ್ಯ ಮಾಡಿತು. ಸರ್ವರ್‌ನಿಂದ 'ಹೊಸದು' ತಂದು ಅದರ ಮೇಲೆ ಹಾಕಿತು. ಯಾರೂ ತಪ್ಪು ಮಾಡಲಿಲ್ಲ. ಪ್ರತಿ ಹೆಜ್ಜೆಯೂ ಹೇಳಿದ ಹಾಗೇ ನಡೆಯಿತು. 61 ಪುಟ ಹೋಯಿತು.

ಮತ್ತೆ ಕೂತು ತಿದ್ದಿದೆ. ಮೊದಲ ಸಲ ಹಿಡಿದಿದ್ದ ತಪ್ಪೆಲ್ಲ ಎರಡನೇ ಸಲವೂ ಸಿಕ್ಕವಾ? ಗೊತ್ತಿಲ್ಲ. ಪುಸ್ತಕ ಈಗ ಅಚ್ಚಾಗಿದೆ. ತ ವರ್ಗದ ಪುಟ ತೆರೆಯಲು ಇವತ್ತಿಗೂ ನನಗೆ ಧೈರ್ಯವಿಲ್ಲ.

ನಿಮ್ಮ ಬರಹದಲ್ಲಿ 'ಅಪ್‌ಡೇಟ್ ಆಯ್ಕೆ ಸೇರಿಸಿದರೆ ಹೊಸ ಫೈಲ್ ಮೇಲೆ ಹಳೆಯದು ಬೀಳುವುದಿಲ್ಲ, ಹಾಗಾಗಿ ಭಯವಿಲ್ಲ' ಎಂಬ ಸಾಲಿದೆ. ಮೊದಲರ್ಧ ನಿಜ. ನನ್ನ ಸ್ಕ್ರಿಪ್ಟ್‌ನಲ್ಲೂ ಅದಿತ್ತು. ಅದು ನೋಡುವುದು ಕೊನೆಯ ಬಾರಿ ಸೇವ್ ಆದ ಹೊತ್ತನ್ನು ಮಾತ್ರ. ಒಂದು ಅಕ್ಷರ ತಿದ್ದಿದ ಫೈಲ್ ಐದು ನಿಮಿಷ ಹೊಸದಾಗಿದ್ದರೆ, ಮೂರು ದಿನ ತಿದ್ದಿದ ಫೈಲ್ ಅದಕ್ಕೆ ಹಳೆಯದೇ. ಅದೂ ಅಲ್ಲದೆ ಆ ಹೊತ್ತನ್ನು ಬರೆಯುವುದು ಆಯಾ ಕಂಪ್ಯೂಟರ್‌ನ ಗಡಿಯಾರ. ಕಂಪ್ಯೂಟರ್‌ಗಳ ಗಡಿಯಾರ ಒಂದಕ್ಕೊಂದು ಹೊಂದುವಂತೆ ಮಾಡಲು ಡೇವಿಡ್ ಮಿಲ್ಸ್ ಎಂಬವರು 1985ರಲ್ಲೇ ಎನ್‌ಟಿಪಿ ಎಂಬ ಏರ್ಪಾಡು ಕೊಟ್ಟರು. ಅದು ಚಾಲೂ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಅದು ಆಫ್ ಆಗಿ ಲ್ಯಾಪ್‌ಟಾಪ್ ಹತ್ತು ನಿಮಿಷ ಮುಂದೆ ಓಡುತ್ತಿದ್ದರೆ, ಅದರಲ್ಲಿ ಸೇವ್ ಮಾಡಿದ್ದೆಲ್ಲ 'ಹೊಸದು' ಎನಿಸಿಕೊಳ್ಳುತ್ತದೆ.

ಆರ್‌ಸಿಂಕ್ ಬಗ್ಗೆ ನನಗೆ ಸಿಟ್ಟಿಲ್ಲ. ಬಹಳ ಗೌರವ. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಅದನ್ನು ಹೊರತಂದರು. ಫೈಲನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಲೆಕ್ಕ ಕಟ್ಟಿ, ಆ ಲೆಕ್ಕಗಳನ್ನು ಹೋಲಿಸಿ, ಬದಲಾದ ತುಂಡನ್ನು ಮಾತ್ರ ಕಳಿಸುತ್ತದೆ. ನಡುವೆ ಒಂದು ಪದ ಸೇರಿಸಿ ಮುಂದಿನದೆಲ್ಲ ಸರಿದರೂ ಅದಕ್ಕೆ ಗೊತ್ತಾಗುತ್ತದೆ, ಯಾಕಂದರೆ ಲೆಕ್ಕ ಒಂದೊಂದೇ ಬೈಟ್ ಸರಿಯುತ್ತಾ ಹೋಗುತ್ತದೆ. ದೊಡ್ಡ ಪದಕೋಶದಲ್ಲಿ ಒಂದು ಒತ್ತು ತಿದ್ದಿದರೆ ಹೋಗುವುದು ಸಣ್ಣ ತುಣುಕು. ಇನ್ನೊಂದು ಒಳ್ಳೆಯ ಗುಣ: ಬರುವುದನ್ನು ಮೊದಲು ಬೇರೆ ಹೆಸರಿನ ತಾತ್ಕಾಲಿಕ ಫೈಲಿನಲ್ಲಿ ಕೂಡಿಸಿಕೊಂಡು, ಪೂರ್ತಿ ಬಂದ ಮೇಲಷ್ಟೇ ನಿಜವಾದ ಹೆಸರಿಡುತ್ತದೆ. ನಡುವೆ ನೆಟ್ ಹೋದರೆ ಹಳೆಯ ಫೈಲ್ ಇದ್ದ ಹಾಗೇ ಇರುತ್ತದೆ. ಇದು ನಿಮ್ಮ ಬರಹದಲ್ಲಿ ಇರಬೇಕಿತ್ತು. ವರ್ಡ್ ಫೈಲಿನವರಿಗೆ ಮಾತ್ರ ಈ ತುಣುಕಿನ ಲಾಭ ಕಮ್ಮಿ. ಆ ಫೈಲ್ ಒಳಗೊಳಗೆ ಜಿಪ್ ಮಾಡಿದ ಕಟ್ಟು. ಒಂದು ಅಕ್ಷರ ಬದಲಾದರೆ ಒತ್ತಿದ ಕಟ್ಟಿನ ಬಹುಪಾಲು ಬೇರೆಯೇ ಆಗಿಬಿಡುತ್ತದೆ.

ಆದರೆ ಅದಕ್ಕೆ ನೆನಪಿಲ್ಲ. ಎಡಕ್ಕೆ ಏನಿದೆ, ಬಲಕ್ಕೆ ಏನಿದೆ ಅಂತ ಈ ಕ್ಷಣದಲ್ಲಿ ನೋಡುತ್ತದೆ. ಕಳೆದ ಸಲ ಎರಡೂ ಒಂದೇ ಆಗಿದ್ದಾಗ ಹೇಗಿದ್ದವು ಅನ್ನುವುದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿಲ್ಲದೆ, ಒಂದು ಕಡೆ ಮಾತ್ರ ಬದಲಾಗಿದೆಯೋ ಎರಡೂ ಕಡೆ ಬದಲಾಗಿದೆಯೋ ಹೇಳುವುದು ಹೇಗೆ? ಯುನಿಸನ್ ಎಂಬ ಇನ್ನೊಂದು ತಂತ್ರಾಂಶ ಇದೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಅವರ ಕಡೆಯದು. ಅದು ಪ್ರತಿ ಸಲವೂ ಕೊನೆಗೆ ಒಪ್ಪಿಕೊಂಡ ಸ್ಥಿತಿಯನ್ನು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಎರಡನ್ನೂ ಅದರ ಜೊತೆ ಹೋಲಿಸುತ್ತದೆ. ಒಂದು ಕಡೆ ಬದಲಾಗಿದ್ದರೆ ತಾನೇ ಸಾಗಿಸುತ್ತದೆ. ಎರಡೂ ಕಡೆ ಬದಲಾಗಿದ್ದರೆ ಮುಟ್ಟುವುದಿಲ್ಲ, ಕೇಳುತ್ತದೆ. ಫೈಲುಗಳ ಪ್ರತಿ ಬದಲಾವಣೆಯನ್ನೂ ಬರೆದಿಡುವ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಗಿಟ್‌ನಲ್ಲೂ ಹಾಗೇ. ಸರ್ವರ್‌ನಲ್ಲಿ ನಿಮಗೆ ಗೊತ್ತಿಲ್ಲದ್ದು ಬಂದು ಕೂತಿದ್ದರೆ ನೀವು ಕಳಿಸುವುದನ್ನು ಅದು ಒಪ್ಪುವುದಿಲ್ಲ. ಮೊದಲು ತಂದು ಸೇರಿಸಿಕೋ ಎನ್ನುತ್ತದೆ. ನನ್ನ ಸೋಮವಾರ ಅಲ್ಲೇ ನಿಲ್ಲುತ್ತಿತ್ತು.

ಈಗ ಗಡಿಯಾರದ ವಿಷಯಕ್ಕೆ ಬರುತ್ತೇನೆ. ಐದು ನಿಮಿಷಕ್ಕೊಮ್ಮೆ ಸಿಂಕ್ ಮಾಡಿದ್ದರೆ ನನ್ನ ಗುರುವಾರದ ಕೆಲಸ ಅಂದೇ ಸರ್ವರ್‌ಗೆ ಹೋಗಿಬಿಡುತ್ತಿತ್ತಲ್ಲ, ಕಷ್ಟ ತಪ್ಪುತ್ತಿತ್ತಲ್ಲ ಅಂತ ನಿಮ್ಮ ಬರಹಗಾರರು ಕೇಳಬಹುದು. ಹೌದು, ಆ ಒಂದು ಸಲ. ಆದರೆ ಗಡಿಯಾರಕ್ಕೆ ನಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿಲ್ಲ. ನಾನು ಒಂದು ಪದ ಎಲ್ಲ ಕಡೆ ಬದಲಾಯಿಸಿ, ಸೇವ್ ಮಾಡಿ, ಅಯ್ಯೋ ಅನ್ನುವಷ್ಟರಲ್ಲಿ ಅದು ಸರ್ವರ್‌ಗೆ ಹೋಗಿ, ಅಲ್ಲಿಂದ ಪುಟ ಕಟ್ಟುವವರ ಕಂಪ್ಯೂಟರ್‌ಗೂ ಇಳಿದಿರುತ್ತದೆ. ತರುವ ಕಡೆಯದು ಇನ್ನೂ ಕೆಟ್ಟದ್ದು. ಎಡಿಟರ್‌ನಲ್ಲಿ ಫೈಲ್ ತೆರೆದು ಕೂತಿರುವಾಗ ಅಡಿಯಿಂದ ಡಿಸ್ಕ್‌ನಲ್ಲಿರುವ ಫೈಲ್ ಬದಲಾಗುತ್ತದೆ. ವಿಮ್ ಎಂಬ ಎಡಿಟರ್ ಆದರೆ ಎಚ್ಚರಿಸುತ್ತದೆ. ಇಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್ ಆದರೆ ಡಿಸ್ಕ್‌ನಲ್ಲಿ ಬದಲಾಗಿದೆ, ನಿಜವಾಗಿಯೂ ಮುಂದುವರಿಸಲಾ ಎಂದು ಕೇಳುತ್ತದೆ. ಐದು ನಿಮಿಷಕ್ಕೊಮ್ಮೆ ಹಾಗೆ ಕೇಳಿದರೆ ನಾಲ್ಕನೇ ಸಲಕ್ಕೆ ಯಾರು ಓದುತ್ತಾರೆ? ಹೂಂ ಹೂಂ ಅಂತ ಒತ್ತಿಬಿಡುತ್ತೇವೆ. ಎಚ್ಚರಿಸದ ಎಡಿಟರ್‌ಗಳೂ ಇವೆ, ಅವು ಸುಮ್ಮನೆ ಮೇಲೆ ಬರೆದುಬಿಡುತ್ತವೆ.

ಅದರ ಜೊತೆಗೆ ಕಸ. ವಿಮ್ ತೆರೆದಿರುವಷ್ಟು ಹೊತ್ತು ಪಕ್ಕದಲ್ಲಿ ಸ್ವಾಪ್ ಫೈಲ್ ಎಂಬ ಒಂದು ತಾತ್ಕಾಲಿಕ ಫೈಲ್ ಇಟ್ಟುಕೊಳ್ಳುತ್ತದೆ. ಇಮ್ಯಾಕ್ಸ್ ಬೀಗದ ಫೈಲ್, ಹಿಂದೆ ಮುಂದೆ ಹ್ಯಾಶ್ ಗುರುತಿರುವ ಆಟೊಸೇವ್ ಫೈಲ್ ಎಲ್ಲ ಮಾಡುತ್ತದೆ. ಗಡಿಯಾರಕ್ಕೆ ಕಟ್ಟಿದರೆ ಇವೂ ಸರ್ವರ್‌ಗೆ ಹೋಗಿ, ಅಲ್ಲಿಂದ ಇನ್ನೊಂದು ಕಂಪ್ಯೂಟರ್‌ಗೆ ಬಂದು, ಅಲ್ಲಿನ ಎಡಿಟರ್ 'ಈ ಫೈಲನ್ನು ಯಾರೋ ತೆರೆದಿದ್ದಾರೆ' ಎಂದು ಬೊಬ್ಬೆ ಹೊಡೆಯುತ್ತದೆ. ಎಕ್ಸ್‌ಕ್ಲೂಡ್ ಆಯ್ಕೆಯಲ್ಲಿ ಇವನ್ನು ಹೊರಗಿಡಬೇಕು. ಕೂತಾಗ ತಂದು, ಎದ್ದಾಗ ಕಳಿಸುವ ಪದ್ಧತಿಯಲ್ಲಿ ಈ ರಗಳೆ ಕಮ್ಮಿ. ಎಡಿಟರ್ ನೆಟ್ಟಗೆ ಮುಚ್ಚಿದರೆ ತನ್ನ ಸ್ವಾಪ್ ಫೈಲನ್ನು ತಾನೇ ತೆಗೆದುಹಾಕುತ್ತದೆ.

ಸೇವ್ ಮಾಡಿದಾಗಲೆಲ್ಲ ಕಳಿಸುವ ಮೂರನೇ ದಾರಿಯೂ ಇದೆ. ವಿಮ್, ಇಮ್ಯಾಕ್ಸ್ ಎರಡರಲ್ಲೂ, ಸೇವ್ ಆದ ಮೇಲೆ ಇಂಥದ್ದು ಮಾಡು ಅಂತ ಕಟ್ಟಿಹಾಕಬಹುದು. ಒಬ್ಬರೇ, ಒಂದೇ ಕಂಪ್ಯೂಟರ್ ಆದರೆ ಅದು ಚೆನ್ನ. ನನಗೆ ಹಿಡಿಸಲಿಲ್ಲ. ನಾನು ಅರ್ಧ ಸಾಲಿಗೊಮ್ಮೆ ಸೇವ್ ಒತ್ತುವ ಚಟದವಳು.

ಹಾಗಾದರೆ ಈಗ ನಾನು ಏನು ಮಾಡುತ್ತೇನೆ? ಅದೇ ಹಳೆಯ ಸ್ಕ್ರಿಪ್ಟ್‌ಗೆ ಮೂರು ಮಾತು ಸೇರಿಸಿದ್ದೇವೆ. ತರುವುದು ಸರಿಯಾಗಿ ಮುಗಿಯದಿದ್ದರೆ ಎಡಿಟರ್ ತೆರೆಯುವುದೇ ಇಲ್ಲ. ಆರ್‌ಸಿಂಕ್ ಕೆಲಸ ಮುಗಿಸುವಾಗ ಒಂದು ಅಂಕಿ ಹೇಳಿ ಹೋಗುತ್ತದೆ. 0 ಅಂದರೆ ಎಲ್ಲ ಸರಿ, 23 ಅಂದರೆ ಕೆಲವು ಬಂದಿಲ್ಲ, ಹೀಗೆ. 0 ಬಿಟ್ಟು ಬೇರೆ ಏನು ಬಂದರೂ ನನ್ನ ಸ್ಕ್ರಿಪ್ಟ್ ಅಲ್ಲೇ ನಿಂತು, 'ತರಲು ಆಗಲಿಲ್ಲ, ಇರುವುದು ಹಳೆಯದು' ಎಂದು ಕನ್ನಡದಲ್ಲಿ ಹೇಳುತ್ತದೆ. ನಿಮ್ಮ ಚೌಕದಲ್ಲಿ ಎರಡು ಕಮಾಂಡ್‌ಗಳ ನಡುವೆ ಈ ತಪಾಸಣೆ ಇಲ್ಲ. ನೆಟ್ ಇಲ್ಲದ ದಿನ ಹಳೆಯ ಫೈಲ್ ತೆರೆದು ತಿದ್ದಿ, ನೆಟ್ ಬಂದ ಮೇಲೆ ಬೇರೆಯವರ ಕೆಲಸದ ಮೇಲೆ ಕಳಿಸಿಬಿಡುವ ದಾರಿ ಅದು.

ಎರಡನೆಯದು ಬೀಗ. ಇದು ನನಗೆ ಬಹಳ ಇಷ್ಟ. ಎಡಿಟರ್ ತೆರೆಯುವ ಮೊದಲು ಸ್ಕ್ರಿಪ್ಟ್ ಸರ್ವರ್‌ನಲ್ಲಿ 'ಬೀಗ' ಎಂಬ ಖಾಲಿ ಫೋಲ್ಡರ್ ಮಾಡಲು ನೋಡುತ್ತದೆ. ಆ ಹೆಸರಿನ ಫೋಲ್ಡರ್ ಆಗಲೇ ಇದ್ದರೆ ಮಾಡಲು ಆಗುವುದಿಲ್ಲ. ಇಬ್ಬರು ಒಟ್ಟಿಗೇ ನೋಡಿದರೂ ಒಬ್ಬರಿಗೆ ಮಾತ್ರ ಸಿಗುತ್ತದೆ. ಫೈಲ್ ಬದಲು ಫೋಲ್ಡರ್ ಯಾಕೆ ಅಂದರೆ ಅದೇ ಕಾರಣ. ಇದೆಯಾ ಅಂತ ನೋಡುವುದು, ಇಲ್ಲದಿದ್ದರೆ ಮಾಡುವುದು, ಎರಡೂ ಒಂದೇ ಏಟಿಗೆ ಆಗುತ್ತವೆ. ಸಿಕ್ಕವರು ಅದರೊಳಗೆ ಯಾವ ಕಂಪ್ಯೂಟರ್, ಯಾವ ಹೊತ್ತು ಅಂತ ಒಂದು ಸಾಲು ಬರೆದಿಡುತ್ತಾರೆ. ಕಳಿಸಿಯಾದ ಮೇಲೆ ಬೀಗ ತೆಗೆಯುತ್ತದೆ. ಕಳಿಸಲು ಆಗದಿದ್ದರೆ ಬೀಗ ಹಾಗೇ ಇರುತ್ತದೆ. ಅದು ಹಾಗೇ ಇರಬೇಕು ಕೂಡ. ಇದು ಆಗ ಇದ್ದಿದ್ದರೆ, ಆ ಶುಕ್ರವಾರ ಬೆಳಗ್ಗೆ ಮೇಜಿನ ಕಂಪ್ಯೂಟರ್ 'ಲ್ಯಾಪ್‌ಟಾಪ್, ಗುರುವಾರ ರಾತ್ರಿಯಿಂದ' ಎಂದು ತೋರಿಸುತ್ತಿತ್ತು. ನಾನು ನಾಲಿಗೆ ಕಚ್ಚಿಕೊಂಡು ಲ್ಯಾಪ್‌ಟಾಪ್ ತೆರೆದು ಎಡಿಟರ್ ಮುಚ್ಚುತ್ತಿದ್ದೆ. ಅಷ್ಟೇ.

ಮೂರನೆಯದು, ತಾನಾಗಿ ಓಡುವ ಸ್ಕ್ರಿಪ್ಟ್‌ನಲ್ಲಿ ಡಿಲೀಟ್ ಇಲ್ಲ. ಅಳಿಸಬೇಕಾದರೆ ನಾನೇ ಕೈಯಿಂದ, ಡ್ರೈ ರನ್ ನೋಡಿ, ಹಗಲು ಹೊತ್ತಿನಲ್ಲಿ ಅಳಿಸುತ್ತೇನೆ. ಅದರ ಬದಲು ಬ್ಯಾಕಪ್ ಆಯ್ಕೆ ಇದೆ. ಮೇಲೆ ಬೀಳುವ ಪ್ರತಿ ಫೈಲಿನ ಹಳೆಯ ಪ್ರತಿಯನ್ನು ಆ ದಿನದ ತಾರೀಕಿನ ಫೋಲ್ಡರ್‌ಗೆ ಸರಿಸಿ ಇಡುತ್ತದೆ. ಪದಕೋಶ ಹೋದ ದಿನ ಈ ಒಂದು ಆಯ್ಕೆ ಇದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಸಿಂಕ್ ಇದೆಯಲ್ಲ, ಬ್ಯಾಕಪ್ ಯಾಕೆ ಅಂತ ನಿಮ್ಮ ಬರಹಗಾರರು ಕೇಳಿದ್ದಾರೆ. ಸಿಂಕ್ ಆದದ್ದರಿಂದಲೇ ನನ್ನ ತಪ್ಪು ಎರಡೂ ಕಂಪ್ಯೂಟರ್‌ಗೆ ತಲುಪಿದ್ದು.

ಪಾಸ್‌ವರ್ಡನ್ನು ಸ್ಕ್ರಿಪ್ಟ್ ಒಳಗೇ ಬರೆದಿಟ್ಟು, ಫೈಲ್ ಸಾಗಿಸುವ ಹಳೆಯ ಪದ್ಧತಿಯಾದ ಎಫ್‌ಟಿಪಿಯಲ್ಲೂ ಇದನ್ನು ಮಾಡಬಹುದು ಎಂದಿದ್ದಾರೆ. ಮಾಡಬಹುದು, ಮಾಡಬೇಡಿ. ಎಫ್‌ಟಿಪಿಯ ಮೊದಲ ಕರಡು ಬರೆದವರು ಅಭಯ್ ಭೂಷಣ್, 1971ರಲ್ಲಿ. ಆಗ ಜಾಲದಲ್ಲಿದ್ದವರೇ ಬೆರಳೆಣಿಕೆಯ ಜನ. ಪಾಸ್‌ವರ್ಡ್ ಯಾವ ಮುಚ್ಚುಮರೆ ಇಲ್ಲದೆ ತಂತಿಯಲ್ಲಿ ಹೋಗುತ್ತದೆ. ಹೀಗೆ ಹೋಗುವ ಪಾಸ್‌ವರ್ಡ್‌ಗಳನ್ನು ಯಾರೋ ಕದ್ದು ಕೇಳಿಸಿಕೊಂಡದ್ದಕ್ಕೇ ಫಿನ್ಲೆಂಡ್‌ನ ತಾತು ಯ್ಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು. ಆರ್‌ಸಿಂಕ್ ಅದರೊಳಗೇ ಓಡುತ್ತದೆ. ಒಂದು ಕೀ ಮಾಡಿಕೊಂಡರೆ ಸ್ಕ್ರಿಪ್ಟ್‌ನಲ್ಲಿ ಪಾಸ್‌ವರ್ಡ್ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಒಂದು ಮಾತು ಹೇಳಲೇಬೇಕು. ಇದನ್ನು ಯಾರೂ ಬರೆದದ್ದು ನಾನು ಓದಿಲ್ಲ. ಒಮ್ಮೆ ಸರ್ವರ್‌ನಲ್ಲಿ ಎರಡು 'ಪದಕೋಶ' ಕಂಡವು. ಒಂದೇ ಫೋಲ್ಡರ್, ಒಂದೇ ಹೆಸರು, ಎರಡು ಫೈಲ್. ಕರಡು ತಿದ್ದುವ ನನ್ನ ಕಣ್ಣಿಗೂ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು 'ಕೋ' ಅಕ್ಷರದ ಒಳಗೆ. ಯುನಿಕೋಡ್‌ನಲ್ಲಿ ಆ ಓ ಸ್ವರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಇಲ್ಲವೇ ಎತ್ವ, ಊತ್ವ, ದೀರ್ಘದ ಗುರುತು ಅಂತ ಮೂರು ಬಿಡಿ ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್ ಲೆಕ್ಕದಲ್ಲಿ ಒಂದು 3, ಇನ್ನೊಂದು 9. ಪುಟ ಕಟ್ಟುವವರ ಹತ್ತಿರ ಹಳೆಯ ಮ್ಯಾಕ್ ಇತ್ತು. ಅದರ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ಏರ್ಪಾಡು ಹೆಸರುಗಳನ್ನು ಬಿಡಿಸಿಟ್ಟುಕೊಳ್ಳುತ್ತದೆ. ನನ್ನ ಕಂಪ್ಯೂಟರ್ ಜೋಡಿಸಿಟ್ಟ ರೂಪದಲ್ಲಿ ಕಳಿಸುತ್ತದೆ. ಲಿನಕ್ಸ್ ಸರ್ವರ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ. ಅದಕ್ಕೆ ಅವು ಎರಡು ಬೇರೆ ಫೈಲ್. ಆರ್‌ಸಿಂಕ್‌ನ ಐಕಾನ್ವ್ ಎಂಬ ಆಯ್ಕೆ ಇದನ್ನು ಸರಿಮಾಡುತ್ತದೆ. ಆದರೂ ನಾನು ಅಂದಿನಿಂದ ಫೈಲುಗಳಿಗೆ 01, 02 ಅಂತ ಅಂಕಿ ಇಡುತ್ತಿದ್ದೇನೆ. ಹೊಟ್ಟೆ ಉರಿಯುತ್ತದೆ, ಆದರೂ ಇಡುತ್ತೇನೆ. ಫೈಲ್ ಒಳಗೆ ಬೇಕಾದಷ್ಟು ಕನ್ನಡ ಇದೆ.

ಆದ್ದರಿಂದ ದಯವಿಟ್ಟು ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಿ. ಕೆಳಗಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಬೇಡ, ಅದೇ ಬಣ್ಣದ ಚೌಕದಲ್ಲಿ ಹಾಕಿ. ಎರಡನೇ ಕಮಾಂಡ್‌ನಲ್ಲಿ 'ಬರಹ' ಆದ ಮೇಲಿನ ಸ್ಲ್ಯಾಶ್ ತೆಗೆಯಬೇಕು. ಡಿಲೀಟ್ ಆಯ್ಕೆಯನ್ನು ಎರಡೂ ಕಮಾಂಡ್‌ಗಳಿಂದ ತೆಗೆದರೆ ಇನ್ನೂ ಒಳ್ಳೆಯದು. ಉಳಿಸುವುದಾದರೆ ಮೊದಲು ಡ್ರೈ ರನ್ ಮಾಡಿ ಅಂತ ಒಂದು ಸಾಲು ಸೇರಿಸಿ. ಆಯ್ಕೆಗಳ ಮುಂದಿನ ಎರಡು ಅಡ್ಡಗೆರೆ ಎರಡಾಗಿಯೇ ಇರಲಿ. ಪುಟ ಕಟ್ಟುವ ತಂತ್ರಾಂಶದಲ್ಲಿ ಗೆರೆಗಳನ್ನು ತಾನಾಗಿ ಸೇರಿಸುವ ಸೌಕರ್ಯವನ್ನು ಆ ಚೌಕದ ಮಟ್ಟಿಗೆ ಆಫ್ ಮಾಡಿಸಿ, ಇಲ್ಲದಿದ್ದರೆ ಮತ್ತೆ ಅದೇ ಆಗುತ್ತದೆ. ಸಾಲು ತುಂಬಿ ಕೆಳಗಿನ ಸಾಲಿಗೆ ಹೋಗುವಾಗ ಫೋಲ್ಡರ್ ಹೆಸರಿನ ನಡುವೆ ಮುರಿಯದಂತೆಯೂ ನೋಡಿಕೊಳ್ಳಿ.

ಅಚ್ಚಿಗೆ ಹೋಗುವ ಮೊದಲು ಆ ಚೌಕದ ಕರಡನ್ನು ನನಗೆ ಕಳಿಸಿದರೆ ನೋಡಿಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಕರಡು ತಿದ್ದುವವಳು